ಸೊಸೆಯ ಹೆಲ್ಮೆಟ್ಟಿನಲ್ಲಿ ಅತ್ತೆ

ನನ್ನ ಮಗ ಮೋಟರ್‌ಸೈಕಲ್ ತಂದು ಎಂಟು ವಾರವಾಯಿತು. ಈ ಎಂಟು ವಾರಗಳಲ್ಲಿ ಅದು ಹೋದ ಅತಿ ದೂರದ ಜಾಗವೆಂದರೆ ಮುಂದಿನ ಬೀದಿಯ ಪೆಟ್ರೋಲ್ ಬಂಕು. ದೂರ ಪ್ರಯಾಣಕ್ಕೆಂದೇ ಮಾಡಿದ ಗಾಡಿಯಂತೆ. ಬೆಟ್ಟ ಹತ್ತುತ್ತದಂತೆ, ಹೊಳೆ ದಾಟುತ್ತದಂತೆ. ಸದ್ಯಕ್ಕೆ ನಮ್ಮ ಪೋರ್ಟಿಕೋದಲ್ಲಿ ಮಹಾರಾಜರ ಹಾಗೆ ನಿಂತು ಸೇವೆ ಮಾಡಿಸಿಕೊಳ್ಳುತ್ತಿದೆ. ಭಾನುವಾರಕ್ಕೊಂದು ಆಭರಣ. ಒಂದು ವಾರ, ಬಿದ್ದರೆ ಇಂಜಿನ್ನಿಗೆ ಪೆಟ್ಟಾಗದಿರಲಿ ಎಂದು ಕಬ್ಬಿಣದ ಗಾರ್ಡು. ಇನ್ನೊಂದು ವಾರ ಗಾಳಿಗೆ ಅಡ್ಡ ಒಂದು ಗಾಜು. ಆಮೇಲೆ ಪಕ್ಕಕ್ಕೆರಡು ಪೆಟ್ಟಿಗೆ, ಹಿಂದಕ್ಕೊಂದು ಪೆಟ್ಟಿಗೆ, ಆ ಪೆಟ್ಟಿಗೆಗೆ ಸೊಸೆ ಒರಗಿಕೊಳ್ಳಲಿ ಎಂದು ಮೆತ್ತನೆಯ ದಿಂಬು. ಮಗ ವಿಮಾ ಕಂಪನಿಯಲ್ಲಿ ಅಪಘಾತದ ಅರ್ಜಿ ಪರಿಶೀಲಿಸುವವನು. ಯಾರು ಎಲ್ಲಿ ಹೇಗೆ ಬಿದ್ದರು ಎಂದು ದಿನವಿಡೀ ಓದುವವನು ಗಾಡಿ ಕೊಂಡರೆ ಹೀಗೇ ಆಗುತ್ತದೆ.

ಇದನ್ನೆಲ್ಲ ಅಂಗಡಿಯಲ್ಲಿ ಹಾಕಿಸಿಕೊಂಡು ಬರಬಹುದಿತ್ತು. ಆದರೆ ಅವನ ಫೋನಿನೊಳಗೆ ಒಬ್ಬ ಗಡ್ಡದ ಗುರುಗಳಿದ್ದಾರೆ. 'ಇಪ್ಪತ್ತೇ ನಿಮಿಷ, ಮನೆಯಲ್ಲೇ' ಎಂದು ಪರದೆಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡೇ ಅವರು ಪ್ರತ್ಯಕ್ಷವಾಗುವುದು. ಗುರುಗಳ ಇಪ್ಪತ್ತು ನಿಮಿಷ ನನ್ನ ಮಗನ ಕೈಯಲ್ಲಿ ತಿಂಡಿಯಿಂದ ಸಂಜೆಯ ಕಾಫಿಯವರೆಗೆ ಬೆಳೆಯುತ್ತದೆ. ಹೆಚ್ಚುವರಿ ದೀಪ ಹಾಕಿದ ದಿನ ಹಾರ್ನ್ ಒತ್ತಿದರೆ ದೀಪ ಹತ್ತಿತು, ದೀಪದ ಸ್ವಿಚ್ ಒತ್ತಿದರೆ ಏನೂ ಆಗಲಿಲ್ಲ. ಕೆಲಸ ಮುಗಿದ ಮೇಲೆ ಪ್ರತಿ ಸಲವೂ ಎರಡು ವಾಷರು, ಒಂದು ಬೋಲ್ಟು ಮಿಗುತ್ತವೆ. ಅವನ್ನು ಒಂದು ಡಬ್ಬಿಯಲ್ಲಿ ಹಾಕಿಡುತ್ತಾನೆ. ಡಬ್ಬಿ ತುಂಬುತ್ತಾ ಬಂದಿದೆ.

ಇದಕ್ಕೆಲ್ಲ ಪ್ರೇಕ್ಷಕಿ ನಾನೊಬ್ಬಳೇ. ಬೆತ್ತದ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ. ಕಳೆದ ವಾರ ಒಂದು ನಟ್ ಉರುಳಿಕೊಂಡು ಬಂದು ನನ್ನ ಚಪ್ಪಲಿಯ ಪಕ್ಕ ನಿಂತಿತು. ಮಗ ಅರ್ಧ ಗಂಟೆ ನೆಲದ ಮೇಲೆ ಮಂಡಿಯೂರಿ ಹುಡುಕಿದ. 'ಅಮ್ಮಾ, ಕಂಡ್ಯಾ?' ಎಂದು ಒಂದು ಮಾತು ಕೇಳಲಿಲ್ಲ. ಕೇಳದಿದ್ದರೆ ನಾನೇಕೆ ಹೇಳಲಿ?

ಅವನದೂ ತಪ್ಪಲ್ಲ ಬಿಡಿ. ನನ್ನನ್ನು ಏನಾದರೂ ಕೇಳಬೇಕೆಂದರೆ ಕೂಗಬೇಕು. ಆರು ವರ್ಷದಿಂದ ನನ್ನ ಕಿವಿ ನನ್ನ ಜೊತೆ ಅಸಹಕಾರ ಚಳವಳಿ ಹೂಡಿದೆ. ಪೂರ್ತಿ ಕಿವುಡಿಯಲ್ಲ, ಶಬ್ದ ಬರುತ್ತದೆ, ಮಾತು ಬರುವುದಿಲ್ಲ. ಮಗ ಕಿವಿಗೆ ಹಾಕಿಕೊಳ್ಳುವ ಯಂತ್ರ ತಂದುಕೊಟ್ಟಿದ್ದ. ಅದನ್ನು ಹಾಕಿಕೊಂಡರೆ ಚಮಚ ಬಿದ್ದರೆ ಸಿಡಿಲು, ಫ್ಯಾನು ತಿರುಗಿದರೆ ವಿಮಾನ, ಮನುಷ್ಯರ ಮಾತು ಮಾತ್ರ ಮೊದಲಿನ ಹಾಗೇ ಗೊಜಗೊಜ. ಇನ್ನೊಮ್ಮೆ ತೋರಿಸಿ ಸರಿಮಾಡಿಸೋಣ ಎಂದ. ನಾನೂ ಕಡಿಮೆ ಹಟದವಳಲ್ಲ, ಬೀರುವಿನಲ್ಲಿ ಕಾಲುಚೀಲಗಳ ಕೆಳಗೆ ತುರುಕಿಟ್ಟೆ.

ಅಂದಿನಿಂದ ಮನೆಯಲ್ಲಿ ನನ್ನ ಪಾಲಿಗೆ ಉಳಿದದ್ದು ಮೂರು ಮಾತು: ಊಟ, ಮಾತ್ರೆ, ಮಲಗು. ಕೂಗಿ ಹೇಳುವಾಗ ಯಾರೂ ಬೇಡದ ಮಾತು ಆಡುವುದಿಲ್ಲ ನೋಡಿ. ನನಗೋ ಬೇಡದ ಮಾತೇ ಬೇಕು. ಅವರು ಬೇರೇನಾದರೂ ಹೇಳುವಾಗ ತುಟಿ ನೋಡಿ 'ಹ್ಞೂಂ' ಎನ್ನುವುದನ್ನು ಕಲಿತೆ. ಹೀಗೆ ಹ್ಞೂಂ ಎಂದೂ ಎಂದೂ ನನ್ನ ಹೊಲಿಗೆ ಮಿಷನ್ನು ಯಾರಿಗೋ ದಾನವಾಯಿತು. ನನ್ನ ಕೋಣೆಗೆ ಆಸ್ಪತ್ರೆಯ ಹಸಿರು ಬಣ್ಣ ಬಂತು. ಒಪ್ಪಿಗೆ ಕೊಟ್ಟವಳು ನಾನೇ, ದೂರುವ ಹಾಗಿಲ್ಲ.

ಇನ್ನು ಗೋಡೆಯಾಚೆ ವಕೀಲರಿದ್ದಾರೆ. ಅವರ ಕಿವಿ ಬಲು ಚುರುಕು. ಒಮ್ಮೆ ಮಗ, "ಅಮ್ಮಾ, ಹೊಟ್ಟೆ ಕಟ್ಟಿರೋದಕ್ಕೆ ಮಾತ್ರೆ ತಗೊಂಡ್ಯಾ?" ಎಂದು ಕೂಗಿದ. ಮರುದಿನ ವಕೀಲರು ಗೇಟಿನ ಬಳಿ ನಿಂತು ನನ್ನ ಹೊಟ್ಟೆಯತ್ತ ಬೆರಳು ತೋರಿಸಿ, ಸರಿಹೋಯಿತೇ ಎಂದು ಕೈಸನ್ನೆಯಲ್ಲಿ ವಿಚಾರಿಸಿದರು. ಆಮೇಲೆ ನಮ್ಮ ಮನೆಯಲ್ಲಿ ಸೂಕ್ಷ್ಮದ ವಿಷಯವನ್ನು ಯಾರೂ ನನಗೆ ಹೇಳಲೇ ಇಲ್ಲ.

ಮತ್ತು ಈಗ ಒಂದು ಸೂಕ್ಷ್ಮದ ವಿಷಯವಿತ್ತು. ಮುಂದಿನ ತಿಂಗಳು ಮಗ, ಸೊಸೆ ಹನ್ನೆರಡು ದಿನ ಈ ಮಹಾರಾಜರ ಮೇಲೆ ಊರೂರು ಸುತ್ತುತ್ತಾರೆ. ಆ ಹನ್ನೆರಡು ದಿನ ನಾನೆಲ್ಲಿ? ಎರಡು ಸಲ ಕೇಳಿದೆ. ಎರಡು ಸಲವೂ ಮಗ ಅಂಗೈ ತೋರಿಸಿ 'ಆಮೇಲೆ' ಎಂದ. ಒಂದು ದಿನ ಊಟದ ಮೇಜಿನ ಮೇಲೆ ಪೇಪರಿನ ಕೆಳಗೆ ಒಂದು ಬಣ್ಣದ ಕರಪತ್ರ ಸಿಕ್ಕಿತು. ಹಿರಿಯರ ಆರೈಕೆ ಮನೆಯದು. ಅದರಲ್ಲಿ ಆರು ಜನ ಮುದುಕ ಮುದುಕಿಯರು ಮೂವತ್ತೆರಡೂ ಹಲ್ಲು ಬಿಟ್ಟು ನಗುತ್ತಿದ್ದರು. ನನ್ನ ಸೊಸೆ ಹಲ್ಲಿನ ಡಾಕ್ಟರು. ಆ ವಯಸ್ಸಿನಲ್ಲಿ ಅಷ್ಟು ಹಲ್ಲು ಯಾರಿಗೂ ಇರುವುದಿಲ್ಲವೆಂದು ಅವಳಿಗಾದರೂ ಅನುಮಾನ ಬರಬೇಕಿತ್ತು. ಕರಪತ್ರವನ್ನು ಇದ್ದಲ್ಲೇ ಇಟ್ಟೆ. ಆವತ್ತಿನಿಂದ ನನಗೊಂದೇ ಪ್ರಶ್ನೆ. ಹನ್ನೆರಡು ದಿನವೋ, ಹನ್ನೆರಡು ದಿನದ ನೆಪವೋ?

ಈ ಭಾನುವಾರದ ಆಭರಣ ಇಂಟರ್‌ಕಾಮು. ಎರಡು ಹೆಲ್ಮೆಟ್ಟಿನೊಳಗೆ ಸ್ಪೀಕರು, ಮೈಕು. ಓಡುವ ಗಾಡಿಯಲ್ಲಿ ಗಂಡ ಹೆಂಡತಿ ಮಾತಾಡಲಿಕ್ಕಂತೆ. ಮನೆಯಲ್ಲಿ ಒಂದೇ ಸೋಫಾದ ಮೇಲೆ ಕೂತು ಒಬ್ಬರಿಗೊಬ್ಬರು ಫೋನಿನಲ್ಲಿ ಮೆಸೇಜು ಕಳಿಸಿಕೊಳ್ಳುವವರಿಗೆ, ಗಾಡಿ ಎಂಬತ್ತರಲ್ಲಿ ಓಡುವಾಗ ಮಾತು ಉಕ್ಕಿ ಬರುತ್ತದೋ ಏನೋ. ಮಗ ಹೆಲ್ಮೆಟ್ಟಿನ ಒಳಗಿನ ಮೆತ್ತೆ ಕಿತ್ತ, ಕಿವಿಯ ಜಾಗದಲ್ಲಿ ಬಿಸ್ಕತ್ತಿನಷ್ಟಗಲದ ಸ್ಪೀಕರು ಅಂಟಿಸಿದ, ತಂತಿಗಳನ್ನು ಸಂದಿಗೆ ತುರುಕಿದ, ಮೆತ್ತೆ ಮತ್ತೆ ಕೂರಿಸಿದ. ಎಡದ ಮೆತ್ತೆ ಬಲಕ್ಕೆ ಹೋಗಿತ್ತು. ಮತ್ತೆ ಕಿತ್ತ. ಗುರುಗಳು ಅಷ್ಟರಲ್ಲಿ ಎಲ್ಲ ಮುಗಿಸಿ ಬೆಟ್ಟದ ತುದಿಯಲ್ಲಿ ಟೀ ಕುಡಿಯುತ್ತಿದ್ದರು.

ಹನ್ನೊಂದು ಗಂಟೆಗೆ ಜೋಡಣೆ ಮುಗಿಯಿತು. ಈಗ ಎಷ್ಟು ದೂರದವರೆಗೆ ಕೇಳಿಸುತ್ತದೆಂದು ಪರೀಕ್ಷಿಸಬೇಕು. ಅದಕ್ಕೆ ಎರಡನೆಯ ತಲೆ ಬೇಕು. ಸೊಸೆ ಕ್ಲಿನಿಕ್ಕಿನಲ್ಲಿ, ಮಧ್ಯಾಹ್ನ ಒಂದು ಗಂಟೆಯವರೆಗೆ ಬರುವುದಿಲ್ಲ. ಮಗ ಸುತ್ತ ನೋಡಿದ. ಮನೆಯಲ್ಲಿ ಇನ್ನೊಂದೇ ತಲೆ ಇತ್ತು.

ನನ್ನ ಕನ್ನಡಕ ತೆಗೆದು, ಸೊಸೆಯ ಹೆಲ್ಮೆಟ್ಟನ್ನು ನನ್ನ ತಲೆಗೆ ಒತ್ತಿ ಕೂರಿಸಿ, ಕನ್ನಡಕವನ್ನು ಮತ್ತೆ ಸಿಕ್ಕಿಸಿದ. ಕಿವಿ ಮಡಿಚಿಕೊಂಡವು, ಕೆನ್ನೆ ಮೂಗಿನ ಹತ್ತಿರ ಬಂತು. ಕಿವುಡಿಯನ್ನು ಕೂರಿಸಿಕೊಂಡು ಕೇಳಿಸುತ್ತದೆಯೇ ಎಂದು ಪರೀಕ್ಷೆ ಮಾಡುವ ಮಹಾನುಭಾವನನ್ನು ಹೆತ್ತೆನಲ್ಲ ಎಂದುಕೊಂಡೆ. ಅವನು ತನ್ನದನ್ನು ಹಾಕಿಕೊಂಡು, ನನ್ನದರ ವಾಲ್ಯೂಮನ್ನು ತುದಿಗೇರಿಸಿ, ಗೇಟು ದಾಟಿ ಹೋದ. ಹೆಲ್ಮೆಟ್ಟಿನೊಳಗಿಂದ ಯಂತ್ರದ ಹೆಂಗಸೊಬ್ಬಳು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನಾನು ಬೆಚ್ಚಿದೆ. ಅವಳ ಒಂದೊಂದು ಅಕ್ಷರವೂ ಕೇಳಿಸಿತ್ತು.

"ಅಮ್ಮಾ, ಕೇಳಿಸ್ತಾ ಇದ್ಯಾ?"

ನನ್ನ ಮಗನ ಧ್ವನಿ. ಕೂಗಲ್ಲ, ಧ್ವನಿ. ಆರು ವರ್ಷದಿಂದ ಅವನ ಗಂಟಲು ನೋಡಿದ್ದೆ, ನರ ಉಬ್ಬಿದ ಕತ್ತು ನೋಡಿದ್ದೆ. ಧ್ವನಿ ಹೇಗಿತ್ತೆಂದು ಮರೆತೇ ಹೋಗಿತ್ತು. ಅವರಪ್ಪನದೇ ಒರಟು ಗಂಟಲು, ಆದರೆ ಮಾತಿನ ಕೊನೆಯಲ್ಲಿ ಒಂದಿಷ್ಟು ಮೆತ್ತಗೆ. ಈಚೆ ಗೋಡೆ, ಆಚೆ ಬೀದಿ, ಅವನು ನನ್ನ ಕಿವಿಯೊಳಗೇ ನಿಂತಿದ್ದ.

"ಯಾಕೋ, ನೆಗಡಿ ಆಗಿದ್ಯಾ?" ಎಂದೆ.

"ನಿಂಗೆ ಹೇಗೆ ಗೊತ್ತಾಯ್ತು?"

"ಮೂಗು ಸೊರ್ ಅಂತಿದೆ."

ಅವನು ನಕ್ಕ. ಆ ನಗೆಯೂ ಕೇಳಿಸಿತು. ನನಗೆ ಎಷ್ಟು ಸಂತೋಷವಾಯಿತೆಂದರೆ ಎದ್ದು ನಿಂತುಬಿಟ್ಟೆ. "ನಡಿ, ನಡಿ, ಮಾತಾಡ್ತಾ ನಡಿ" ಎಂದೆ.

ಅವನು ನಡೆಯುತ್ತಾ ಹೇಳತೊಡಗಿದ. ಮೂಲೆ ಮನೆಯ ನಾಯಿ ಹೆಲ್ಮೆಟ್ ನೋಡಿ ಗುರಾಯಿಸ್ತಿದೆ. ಇಸ್ತ್ರಿ ಅಂಗಡಿ ಬಾಗಿಲು ಹಾಕಿದೆ. ಟೈಲರು ತನ್ನ ಬೋರ್ಡಿಗೆ ಹೊಸ ಬಣ್ಣ ಬಳಿಸಿದ್ದಾನೆ, ಕೆಟ್ಟದಾಗಿದೆ. ಎಲ್ಲ ಬೇಡದ ಮಾತು, ಒಂದಕ್ಕಿಂತ ಒಂದು ಬೇಡದ್ದು. ಹಸಿದವಳ ಹಾಗೆ ಕೇಳಿಸಿಕೊಂಡೆ. ಕೇಳುತ್ತಾ ಕೇಳುತ್ತಾ ಧೈರ್ಯ ಬಂತು.

"ಹನ್ನೆರಡು ದಿನ ನನ್ನನ್ನ ಎಲ್ಲಿ ಬಿಡ್ತೀರೋ?"

ಹೆಜ್ಜೆ ಸಪ್ಪಳ ನಿಂತಿತು. ಮೂಗಿನ ಸೊರ್ ಮಾತ್ರ ಕೇಳಿಸುತ್ತಿತ್ತು.

"ಒಂದು ಜಾಗ ನೋಡಿದೀವಮ್ಮ. ವಯಸ್ಸಾದವರನ್ನ ನೋಡ್ಕೊಳ್ಳೋ ಮನೆ. ಹನ್ನೆರಡೇ ದಿನ, ಆಣೆ ಮಾಡಿ ಹೇಳ್ತೀನಿ."

"ಮೊದಲೇ ಹೇಳೋಕೇನಾಗಿತ್ತು ದೊಡ್ಡ ರೋಗ?"

"ಹೇಗ್ ಹೇಳ್ಲಿ? 'ಅಮ್ಮಾ, ನಿನ್ನನ್ನ ಆರೈಕೆ ಮನೇಲಿ ಬಿಡ್ತಿದೀವಿ' ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗ್ಲಾ? ವಕೀಲರು ಕೇಸ್ ಹಾಕ್ತಾರೆ."

"ಬರೆದು ತೋರಿಸ್ಬಹುದಿತ್ತಲ್ಲ?"

"ಇವಳು ಬರೆದಳು, ಎರಡು ಸಲ. ಕಾಗದದ ಮೇಲೆ ಇನ್ನೂ ಕೆಟ್ಟದಾಗಿ ಕಾಣ್ತು. ಹರಿದು ಹಾಕಿದ್ವಿ."

ಸಿಟ್ಟು ಬಂತು. ಅಳುವೂ ಬಂತು. ಹೆಲ್ಮೆಟ್ಟಿನೊಳಗೆ ಕಣ್ಣೊರೆಸಿಕೊಳ್ಳುವ ಸೌಕರ್ಯವನ್ನು ಯಾವ ಗುರುಗಳೂ ಇನ್ನೂ ಕಂಡುಹಿಡಿದಿಲ್ಲ. ಹಾಗೇ ಹರಿಯಲು ಬಿಟ್ಟು ಹೇಳಿದೆ: "ನನ್ನನ್ನ ಎಲ್ಲಿ ಬೇಕಾದ್ರೂ ಬಿಡು. ಆರು ವರ್ಷದಿಂದ ನೀನು ನನ್ನ ಜೊತೆ ಮಾತೇ ಆಡಿಲ್ಲ ಕಣೋ."

ಕಿವಿಯಲ್ಲಿ ಬರೀ ಕರಕರ. ಮಾತಾಡುತ್ತಾ ಮತ್ತೆ ನಡೆದು ನೀರಿನ ಟ್ಯಾಂಕಿನ ತಿರುವು ದಾಟಿರಬೇಕು. ಇಂಟರ್‌ಕಾಮಿನ ಡಬ್ಬಿಯ ಮೇಲೆ ಒಂದು ಕಿಲೋಮೀಟರ್ ಎಂದು ಬರೆದದ್ದು ಟ್ಯಾಂಕಿನ ಹತ್ತಿರವೇ ಉಸಿರು ಬಿಟ್ಟಿತ್ತು. "ಕೇಳಿಸ್ತಾ?" ಎಂದೆ. "ಏ, ಕೇಳಿಸ್ತಾ?" ಎಂದು ಕೂಗಿದೆ. ಮನೆಯಲ್ಲಿ ಆ ಪ್ರಶ್ನೆ ನಾನು ಕೇಳಿದ್ದು ಅದೇ ಮೊದಲು. ಗೋಡೆಯ ಮೇಲೆ ವಕೀಲರ ತಲೆ ಮೂಡಿತು.

ಎರಡು ನಿಮಿಷದಲ್ಲಿ ಮಗ ಓಡಿ ಬಂದ. ತಲೆಯ ಮೇಲೆ ಹೆಲ್ಮೆಟ್ಟು, ಕಾಲಲ್ಲಿ ಹವಾಯಿ ಚಪ್ಪಲಿ, ಹಿಂದೆ ಮೂಲೆ ಮನೆಯ ನಾಯಿ. ಮಾತು ನಿಂತದ್ದಕ್ಕೆ ಅಮ್ಮ ಬಿದ್ದೇ ಬಿಟ್ಟಳು ಎಂದುಕೊಂಡನಂತೆ. ಎದುರಿಗೆ ನಿಂತು ರೂಢಿಯಂತೆ, "ಏನಾಯ್ತಮ್ಮಾ!" ಎಂದು ಕೂಗಿದ. ತುದಿಗೇರಿಸಿದ ವಾಲ್ಯೂಮಿನಲ್ಲಿ ಆ ಕೂಗು ನನ್ನ ತಲೆಯೊಳಗೆ ಸಿಡಿಯಿತು. ಅವನ ಹೆಲ್ಮೆಟ್ಟಿಗೆ ಫಟ್ಟನೆ ಹೊಡೆದೆ.

"ಕೂಗ್ಬೇಡ. ಇನ್ಮೇಲೆ ಕೂಗ್ಬೇಡ."

"ಕೊನೇ ಮಾತು ಕೇಳಿಸ್ಲಿಲ್ಲಮ್ಮ. ಏನಂದೆ?" ಮೆತ್ತಗೆ ಕೇಳಿದ.

ಎದುರಿಗೆ ನಿಂತ ಮಗನಿಗೆ ಅದನ್ನು ಇನ್ನೊಮ್ಮೆ ಹೇಳಲು ಬಾಯಿ ಬರಲಿಲ್ಲ. ಮುಖ ನೋಡಿಕೊಂಡು ಹೇಳುವ ಕಷ್ಟ ಅವರಿಗಷ್ಟೇ ಅಲ್ಲ, ನನಗೂ ಇತ್ತು. "ನೆಗಡಿಗೆ ಕಷಾಯ ಕುಡಿ ಅಂದೆ," ಎಂದೆ. "ಆ ಜಾಗ ನಾನು ಕಣ್ಣಾರೆ ನೋಡ್ಬೇಕು. ಇವತ್ತೇ. ಈ ಮಹಾರಾಜರ ಮೇಲೇ."

ಒಂದೂವರೆಗೆ ಬಂದ ಸೊಸೆ, ಊಟದ ಮೇಜಿನ ಎರಡು ಬದಿಗೆ ಹೆಲ್ಮೆಟ್ ಹಾಕಿಕೊಂಡು ಕೂತು ಹರಟುತ್ತಿದ್ದ ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತಳು. ದಿನವಿಡೀ ಬಾಯಿ ತೆರೆದುಕೊಂಡಿರುವವರನ್ನೇ ನೋಡುವವಳು, ಈಗ ತಾನೂ ಬಾಯಿ ತೆರೆದಳು. ಗಂಡ ನಡೆದದ್ದನ್ನು ಹೇಳಿದ ಮೇಲೆ ಅವನ ಹೆಲ್ಮೆಟ್ಟು ಕಿತ್ತು ತಾನು ಹಾಕಿಕೊಂಡು, "ಅತ್ತೆ, ನಂಗೂ ಹೇಳೋಕೆ ಧೈರ್ಯ ಸಾಲ್ಲಿಲ್ಲ. ತಪ್ಪಾಯ್ತು" ಎಂದಳು. ಅವಳ ಧ್ವನಿ ಇಷ್ಟು ಇಂಪಾಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ. ತನ್ನ ಪ್ಯಾಂಟೊಂದನ್ನು ನನಗೆ ಹಾಕಿಸಿ, ಸ್ಟೂಲು ಹತ್ತಿಸಿ, ಹಿಂದಿನ ಸೀಟಿನ ಮೇಲೆ ನನ್ನನ್ನು ಕೂರಿಸಿದ್ದೂ ಅವಳೇ. ವಕೀಲರು ಗೋಡೆ ಬಿಟ್ಟು ಗೇಟಿಗೇ ಬಂದು ನಿಂತರು.

ಹೀಗೆ ಎಂಟು ವಾರ ಸಿಂಗರಿಸಿಕೊಂಡ ಗಾಡಿಯ ಮೊದಲ ಪ್ರವಾಸಕ್ಕೆ ಎಪ್ಪತ್ತೊಂದರ ಮುದುಕಿ ಹೊರಟಳು. ದಿಂಬು ಮೆತ್ತಗಿತ್ತು, ಸುಳ್ಳು ಹೇಳುವುದಿಲ್ಲ. ಮಗ ಸೈಕಲ್ಲಿಗಿಂತ ನಿಧಾನ ಓಡಿಸಿದ, ದಾರಿಯುದ್ದಕ್ಕೂ ಮಾತಾಡಿದ. ಆಫೀಸಿನಲ್ಲಿ ಮೇಲಧಿಕಾರಿ ಇವನ ಮೇಲೆ ಹಲ್ಲು ಮಸೆಯುತ್ತಿದ್ದಾನಂತೆ. ಮಂಡಿ ನೋಯುತ್ತದಂತೆ. ಎರಡು ವರ್ಷದ ಹಿಂದೆ ಕೆಲಸವನ್ನೇ ಬಿಡಬೇಕೆಂದಿದ್ದನಂತೆ. ಒಂದೇ ಸೂರಿನ ಕೆಳಗಿದ್ದು ನನಗೆ ಇದೊಂದೂ ಗೊತ್ತಿರಲಿಲ್ಲ.

ಆರೈಕೆ ಮನೆಯ ಗೇಟಿನ ಮುಂದೆ ಗಾಡಿ ನಿಲ್ಲಿಸಿದ. ವರಾಂಡದಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ನಾಲ್ವರು ಕೂತಿದ್ದರು. ಕರಪತ್ರದಲ್ಲಿದ್ದಷ್ಟು ಹಲ್ಲು ಯಾರಿಗೂ ಇರಲಿಲ್ಲ. ನೆಲ ಚೊಕ್ಕಟವಾಗಿತ್ತು, ಒಬ್ಬಾಕೆ ನಮ್ಮತ್ತ ಕೈಯನ್ನೂ ಬೀಸಿದಳು. ಹನ್ನೆರಡು ದಿನ ಇಲ್ಲಿ ಇರಬಹುದು ಎಂದು ಕೂತಲ್ಲೇ ನಿರ್ಧರಿಸಿದೆ. ಬೀರುವಿನಲ್ಲಿರುವ ಯಂತ್ರವನ್ನು ನಾಳೆಯೇ ತೋರಿಸಿ ಸರಿಮಾಡಿಸಿಕೊಳ್ಳಬೇಕು ಎಂದೂ. ಹೆದರಿಕೆಯಾದದ್ದು ಜಾಗಕ್ಕಲ್ಲ. ಇಳಿದರೆ ಹೆಲ್ಮೆಟ್ ತೆಗೆಯಬೇಕು.

"ಇದೇ ಅಮ್ಮ. ಇಳೀತೀಯಾ?" ಎಂದ ಮಗ.

ಆರು ವರ್ಷ ಕೇಳಿಸದ್ದಕ್ಕೆಲ್ಲ ಕೇಳಿಸಿತು ಎಂದು ತಲೆಯಾಡಿಸಿದವಳು, ಅಂದು ಮೊದಲ ಸಲ ಚೆನ್ನಾಗಿ ಕೇಳಿಸಿದ್ದಕ್ಕೆ ಸುಳ್ಳು ಹೇಳಿದೆ.

"ಏನಂದೆ? ಕೇಳಿಸ್ಲಿಲ್ಲ. ಇನ್ನೊಂದು ಸುತ್ತು ಹೋಗು."

ಮೂಗಿನ ಸೊರ್ ಎರಡು ಸಲ ಕೇಳಿಸಿತು, ಅದು ನೆಗಡಿಯದಾಗಿರಲಿಲ್ಲ. ಆಮೇಲೆ ಗಾಡಿ ಮುಂದಕ್ಕೆ ಹೊರಟಿತು.

"ಮೊನ್ನೆ ಆಫೀಸಲ್ಲಿ ಇನ್ನೊಂದು ತಮಾಷೆ ಆಯ್ತು, ಹೇಳ್ಲಾ?" ಎಂದ.

"ಹೇಳು," ಎಂದೆ.