ಹಿಂದಿನ ಖೋಲಿಯ ಕೊಡಗಳು

"ಕೇಳಿದೇನ? ಆರು ತಿಂಗಳಾಗ ಊರಾಗ ಬರೇ ಎರಡು ಕಳವು!" ಪಡಸಾಲೆಯಲ್ಲಿ ಪೇಪರ್ ಓದುತ್ತಿದ್ದ ಬಸಂತರಾಯ ಹೆಂಡತಿಗೆ ಕೂಗಿ ಹೇಳಿದ. "ಸಿಂದಗಿ ಅಂದ್ರ ಹಿಂಗಿರಬೇಕು ನೋಡು."

ಒಳಗೆ ರೊಟ್ಟಿ ಬಡಿಯುತ್ತಿದ್ದ ದಾನೇಶ್ವರಿಯ ಕೈ ನಿಂತಿತು. ಮದುವೆಯಲ್ಲಿ ಮೋರಟಗಿಯ ತವರಿನವರು ಹೆಸರು ಕೊರೆಸಿ ಕೊಟ್ಟಿದ್ದ ಅವಳ ತಾಮ್ರದ ಕೊಡ ಕಾಣೆಯಾಗಿ ಇಪ್ಪತ್ತು ದಿನವಾಗಿತ್ತು. ತೊಳೆದು ಹಿತ್ತಲಲ್ಲಿ ಬೋರಲು ಹಾಕಿ ಮರೆತವಳು ಅವಳೇ. ಅತ್ತೆ ಶಂಕ್ರೆವ್ವ ಕೇಳಿದಾಗ "ಕಲಾಯಿಗೆ ಕೊಟ್ಟೇನ್ರಿ" ಎಂದು ಸುಳ್ಳು ಹೇಳಿದ್ದಳು. ಆ ಮನೆಯ ಹೆಂಗಸರು ಯಾರೂ ಠಾಣೆಯ ಮೆಟ್ಟಿಲು ಹತ್ತಿದವರಲ್ಲ.

ಆದರೆ ಆ 'ಬರೇ ಎರಡು' ಅವಳನ್ನು ಚುಚ್ಚತೊಡಗಿತು. ತನ್ನ ಕೊಡ ಹೋಗಿಯೇ ಇಲ್ಲವೆಂದು ಊರೆಲ್ಲ ಸೇರಿ ತೀರ್ಮಾನಿಸಿದ ಹಾಗೆ. ಸಂತೆಗೆಂದು ಚೀಲ ಹಿಡಿದು ಹೊರಟವಳು, ಸೆರಗು ತಲೆಯ ಮೇಲೆಳೆದುಕೊಂಡು ಸೀದಾ ಠಾಣೆಗೆ ಹೋದಳು.

ಅವಳ ಮಾತು ಮುಗಿಯುವ ಮೊದಲೇ ಕಾನ್‌ಸ್ಟೇಬಲ್ ಸುರೇಖಾ ಎದ್ದು ನಿಂತಳು. "ತಾಮ್ರದ ಕೊಡಾ? ಇಷ್ಟ ದಿನ ಎಲ್ಲಿದ್ರಿ ಯಕ್ಕಾ! ಬರ್ರಿ ಇಲ್ಲಿ."

ಹಿಂದಿನ ಖೋಲಿಯಲ್ಲಿ ಹದಿನಾರು ಕೊಡಗಳು ಗೋಡೆಗೆ ಒರಗಿ ಕೂತಿದ್ದವು. "ಹ್ವಾದ ವಾರ ಇಂಡಿ ರಸ್ತೆದಾಗ ಟೆಂಪೊ ಹಿಡದಾಗ ಸಿಕ್ಕಾವ್ರಿ. ಒಬ್ರೂ ಕಂಪ್ಲೇಂಟ್ ಕೊಟ್ಟಿಲ್ಲ. ಯಾರ ಮಾಲೂ ಅಲ್ಲ ಅಂದ್ರ ಕಳ್ಳ ಆರಾಮ ಹೊರಗ ಬರತಾನ."

ದಾನೇಶ್ವರಿ ಬಗ್ಗಿ ಹೆಸರು ಓದತೊಡಗಿದಳು. ತನ್ನದು ಸಿಕ್ಕೇಬಿಟ್ಟಿತು. ಅದರಾಚೆ ಎದುರುಮನೆಯ ಲಕ್ಕವ್ವನದು. ಮಗಳ ಬಾಣಂತನಕ್ಕೆ ಕಳಿಸಿದ್ದೇನೆ ಎಂದಿದ್ದಳಲ್ಲ ಅವಳು! ಈಚೆ ಬದಿಯದನ್ನು ತಿರುಗಿಸಿದರೆ, 'ಶಂಕ್ರೆವ್ವ'. ಗೊಳಸಂಗಿಯ ತಂಗಿಗೆ ಕೊಟ್ಟೆನೆಂದು ಅತ್ತೆ ಹೇಳಿದ್ದ ಕೊಡ. ದಾನೇಶ್ವರಿಗೆ ನಗು ತಡೆಯಲಾಗಲಿಲ್ಲ. ಕೊಡಗಳ ನಡುವೆ ನೆಲದ ಮೇಲೆ ಕೂತು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

ದೂರು ಬರೆಸಿ ಮನೆಗೆ ಬಂದವಳು ಅತ್ತೆಯ ಕಿವಿಯ ಹತ್ತಿರ ಬಾಗಿ ಹೇಳಿದಳು, "ಅತ್ತಿ, ಗೊಳಸಂಗಿಗೆ ಕೊಟ್ಟ ನಿಮ್ಮ ಕೊಡ ಠಾಣಾದಾಗ ಐತ್ರಿ."

ಶಂಕ್ರೆವ್ವ ಬಿಡಿಸುತ್ತಿದ್ದ ತೊಗರಿಕಾಯಿ ಕೆಳಗಿಟ್ಟು ಸೊಸೆಯ ಮುಖವನ್ನೇ ನೋಡಿದಳು. "ನಿನ್ನ ಕಲಾಯಿ ಕೊಡ?"

"ಅದರ ಬಾಜೂಕ ಐತ್ರಿ."

ಒಳಗೆ ಏನಾಯಿತೆಂದು ಬಸಂತರಾಯ ಓಡಿಬಂದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ವಿಷಯ ತಿಳಿದು ಅವನು, "ಊರ ಹೆಸರು ಕೆಡಸಾಕ ಹೊಂಟೀರಿ" ಎಂದು ಗೊಣಗಿದ. ಕೇಳುವವರಾರು? ಶಂಕ್ರೆವ್ವ ಆಗಲೇ ಲಕ್ಕವ್ವನ ಬಾಗಿಲು ಬಡಿಯುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಓಣಿಯ ಹನ್ನೊಂದು ಮಂದಿ ಹೆಂಗಸರು ಠಾಣೆಯ ಕಟ್ಟೆಯ ಮೇಲಿದ್ದರು. ಎಲ್ಲರೂ ಒಮ್ಮೆಲೇ ಮಾತಾಡುತ್ತಿದ್ದರು. "ಒಬ್ಬೊಬ್ಬರಾಗಿ ಹೇಳ್ರೀ ಯವ್ವಾ, ನನಗಿರೋದು ಒಂದ ಕೈ" ಎನ್ನುತ್ತ, ಬೆರಳು ನೀವಿಕೊಳ್ಳುತ್ತ, ಸುರೇಖಾ ಬರೆದಳು. ದಾನೇಶ್ವರಿಯ ದೂರೂ ಸೇರಿ ಆ ತಿಂಗಳ ಕಳವಿನ ಲೆಕ್ಕ ಒಂದೇ ದಿನದಲ್ಲಿ ಹನ್ನೆರಡಕ್ಕೆ ಏರಿತು.

ಕೋರ್ಟಿನ ಆದೇಶ ಬಂದು ಕೊಡಗಳು ಕೈಗೆ ಸಿಗಲು ಎಂಟು ದಿನ ಹಿಡಿಯಿತು. ಸೊಸೆಯ ಜೊತೆ ತಿರುಗಿ ಬರುವಾಗ ಬಸ್ ಸ್ಟ್ಯಾಂಡಿನ ಹೋಟೆಲಿನ ಮುಂದೆ ಶಂಕ್ರೆವ್ವ ನಿಂತಳು. "ಚಾ ಕುಡಿಯೋಣೇನ? ನಾ ಒಮ್ಮೆನೂ ಒಳಗ ಹೋಗಿಲ್ಲ."

ಇಬ್ಬರೂ ಒಳಗೆ ಹೋಗಿ ಕುರ್ಚಿ ಹಿಡಿದರು. ಎದುರಿನ ಎರಡು ಕುರ್ಚಿಗಳ ಮೇಲೆ ಕೊಡಗಳು ಕೂತವು. ಕಿಟಕಿಯ ಬಿಸಿಲು ತಾಮ್ರಕ್ಕೆ ತಾಗಿ, ಬಸಿಯಲ್ಲಿ ಚಹಾ ಊದುತ್ತಿದ್ದ ಮುದುಕಿಯ ಕೆನ್ನೆ ಕೆಂಪಗೆ ಹೊಳೆಯಿತು.