ಅತ್ತೆ ಬಂದ್ರು, ಒಂದನೇ ಬೋಗಿ

ಎಂಟು ಹತ್ತರ ಲೋಕಲ್ ರೈಲಿನಲ್ಲಿ ಮೂರು ತಿಂಗಳಿಂದ ಕಳ್ಳರೇ ಇರಲಿಲ್ಲ. ಟಿ.ಸಿ. ಯಾವ ಬೋಗಿಗೆ ಕಾಲಿಟ್ಟರೂ ಅಲ್ಲಿ ಕೂತವರೆಲ್ಲ ಸತ್ಯವಂತರು. ಕೇಳುವ ಮೊದಲೇ ಟಿಕೆಟ್ ಚಾಚುವವರು, ಪಾಸನ್ನು ಕನ್ನಡಕದ ಡಬ್ಬಿಯಲ್ಲಿ ಜೋಪಾನ ಮಾಡಿದವರು, ‘ನೋಡಿ ಮೇಡಂ, ಸರಿಯಾಗಿ ನೋಡಿ’ ಎಂದು ಒತ್ತಾಯ ಮಾಡುವವರು. ಮುದುಕರೊಬ್ಬರಂತೂ ಇವತ್ತಿನದರ ಜೊತೆಗೆ ನಿನ್ನೆಯ ಟಿಕೆಟ್ಟನ್ನೂ ತೋರಿಸಿ, ಶಹಭಾಸ್ ಅನ್ನಿಸಿಕೊಳ್ಳಲು ಕಾದಿದ್ದರು. ಹನ್ನೊಂದು ವರ್ಷದ ನೌಕರಿಯಲ್ಲಿ ಅವಳು ಜನರನ್ನು ಇಷ್ಟೊಂದು ಒಳ್ಳೆಯವರಾಗಿ ಕಂಡಿರಲಿಲ್ಲ. ಹಾಗಾಗಿ ಅನುಮಾನ ಬಂತು.

ಅವಳಿಗಿಂತ ಮೊದಲು ಚೀಫ್ ಇನ್ಸ್‌ಪೆಕ್ಟರಿಗೆ ಬಂತು. ಅವರಿಗೆ ಆಫೀಸಿನಲ್ಲಿ ಪೂರ್ಣವಿರಾಮ ಎಂದು ಹೆಸರು. ಅವರು ಮಾತಾಡಿದ ಮೇಲೆ ಇನ್ಯಾರೂ ಮಾತಾಡುವುದಿಲ್ಲ.

‘ಎರಡರಲ್ಲಿ ಒಂದು,’ ಅಂದರು, ಅವಳ ಖಾಲಿ ದಂಡದ ರಸೀದಿ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತ. ‘ಒಂದೋ ಈ ಲೈನಿನ ಜನ ಉದ್ಧಾರ ಆಗಿದ್ದಾರೆ, ಇಲ್ಲಾಂದ್ರೆ ನಿಮ್ಮ ಕಣ್ಣು ಮಂಜಾಗಿದೆ. ಯಾವುದಾದ್ರೂ ಸರಿ, ಇಲ್ಲಿ ನಿಮಗೆ ಕೆಲಸ ಇಲ್ಲ. ಒಂದನೇ ತಾರೀಖಿಂದ ಗಡಿಯ ಜಂಕ್ಷನ್ನಿನ ಪಾರ್ಸೆಲ್ ಆಫೀಸಿಗೆ ಹೋಗಿ.’

‘ಸರ್, ಅಲ್ಲಿಂದ ಮನೆಗೆ ಒಂಬತ್ತು ಗಂಟೆ ದಾರಿ.’

‘ರೈಲ್ವೆಯವರಲ್ವಾ, ರೈಲಲ್ಲಿ ಬನ್ನಿ. ಶುಕ್ರವಾರ ನಾನೇ ಪ್ಲಾಟ್‌ಫಾರ್ಮಲ್ಲಿ ನಿಂತಿರ್ತೀನಿ. ಅವತ್ತು ಪುಸ್ತಕ ತುಂಬಿಸಿ ತಂದ್ರೆ ಯೋಚನೆ ಮಾಡೋಣ.’

ಮನೆಗೆ ಬಂದು ಅವಳು ಬೂಟು ಕಳಚುತ್ತ ಲೆಕ್ಕ ಹಾಕಿದಳು. ಇನ್ನು ವಾರಕ್ಕೊಮ್ಮೆ ನೆಂಟರ ಹಾಗೆ ಬರಬೇಕು, ನೆಂಟರ ಹಾಗೆ ಹೋಗಬೇಕು. ಗಂಡನ ಮುಖವನ್ನು ಭಾನುವಾರಕ್ಕೆಂದು ಎತ್ತಿಡಬೇಕು. ಅಡುಗೆಮನೆಯ ಡಬ್ಬಿಗಳು ಒಂದೇ ವಾರದಲ್ಲಿ ಅತ್ತೆಯ ವ್ಯವಸ್ಥೆಗೆ ಮರಳುತ್ತವೆ. ಆ ವ್ಯವಸ್ಥೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿರುತ್ತದೆ ಎಂಬುದು ಅತ್ತೆಗೆ ಮಾತ್ರ ತಿಳಿದ ವಿಷಯ.

ಗಂಡ ಮೇಜಿನ ಮುಂದೆ ಕೂತು ಕರಡು ತಿದ್ದುತ್ತಿದ್ದ. ಅವನು ಪ್ರೆಸ್ಸೊಂದರಲ್ಲಿ ಪ್ರೂಫ್ ರೀಡರ್. ಹೆಂಡತಿಗೂ ತಾಯಿಗೂ ನಡುವೆ ಮಾತು ಬೆಳೆದಾಗ ವ್ಯಾಕರಣದ ವಿಷಯ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ಹಾಕುತ್ತಿರಲಿಲ್ಲ. ಸಂಸಾರ ಸುಸೂತ್ರವಾಗಿ ನಡೆದಿದ್ದೇ ಹೀಗೆ.

‘ನಿಮ್ಮ ರೈಲಿನ ಜನಕ್ಕೆ ಎಂಥಾ ಸಂಸ್ಕಾರ ಅಂತೀಯ,’ ಅಂದರು ಅತ್ತೆ, ಬೀನ್ಸ್ ನಾರು ತೆಗೆಯುತ್ತ. ಭುಜದ ನೋವಿಗೆ ವಾರಕ್ಕೆ ಮೂರು ದಿನ ಅವರು ಅದೇ ರೈಲಿನಲ್ಲಿ ಹೋಗಿ ವ್ಯಾಯಾಮ ಮಾಡಿಸಿಕೊಂಡು ಬರುತ್ತಿದ್ದರು. ‘ನಾನು ಬಾಗಿಲಲ್ಲಿ ಕಾಲಿಡೋದೇ ತಡ, ‘ಅತ್ತೆ ಬಂದ್ರು, ಅತ್ತೆ ಬಂದ್ರು’ ಅಂತ ಗುಸುಗುಸು. ಅರ್ಧ ಬೆಂಚು ಖಾಲಿ. ನಾನು ಕಾಲು ಚಾಚಿ ಕೂತ್ಕೋತೀನಿ. ನಿನ್ನ ಅತ್ತೆ ಅಂತ ಅವರಿಗೆ ಹೇಗೆ ಗೊತ್ತಾಯ್ತೋ.’

‘ಬಂದ್ರು ಅಲ್ಲ, ಬಂದರು,’ ಎಂದ ಗಂಡ.

ಸೊಸೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ‘ಅತ್ತೆ, ಏನು ಹಾಕ್ಕೊಂಡು ಹೋಗಿದ್ರಿ?’

‘ನಿನ್ನ ಹಳೇ ಕರೀ ಕೋಟು. ಬೆಳಿಗ್ಗೆ ಚಳಿ. ನೀನು ಒರೆಸೋ ಬಟ್ಟೆಗೆ ಅಂತ ಎಸೆದಿದ್ದೆ. ಗುಂಡಿ ಎರಡು ಹೊಲಿದೆ, ಇನ್ನು ಹತ್ತು ವರ್ಷ ಬರುತ್ತೆ.’

ಕಳ್ಳರು ಯಾಕೆ ಸಿಗುತ್ತಿಲ್ಲ ಎಂಬುದು ಅವಳಿಗೆ ಒಲೆಯ ಮುಂದೆ ನಿಂತಲ್ಲೇ ಹೊಳೆಯಿತು. ಅತ್ತೆ ಎಂದರೆ ಇವರಲ್ಲ, ತಾನು. ಕರೀ ಕೋಟು ಕಂಡ ಕೂಡಲೇ ಯಾರೋ ಸುದ್ದಿ ಮುಟ್ಟಿಸುತ್ತಾರೆ; ಟಿಕೆಟ್ ಇಲ್ಲದವರು ಬೋಗಿಯಿಂದ ಬೋಗಿಗೆ ಹಿಂದೆ ಸರಿಯುತ್ತಾರೆ; ಉಳಿದ ಸತ್ಯವಂತರ ಟಿಕೆಟ್ಟನ್ನು ತಾನು ಮೂರು ತಿಂಗಳಿಂದ ಭಕ್ತಿಯಿಂದ ಓದುತ್ತಿದ್ದೇನೆ.

ಕೋಟು ಒಂದು ಕಡೆ, ತಾನು ಇನ್ನೊಂದು ಕಡೆ ಹತ್ತಿದರೆ ಆಯಿತು. ಕಷ್ಟವಿದ್ದದ್ದು ಉಪಾಯದಲ್ಲಲ್ಲ, ಅತ್ತೆಯನ್ನು ಕೇಳುವುದರಲ್ಲಿ. ಮದುವೆಯಾದಾಗಿನಿಂದ ಅವಳು ಅವರ ಹತ್ತಿರ ಒಂದು ಸೂಜಿಯನ್ನೂ ಬೇಡಿದವಳಲ್ಲ. ಪಾರ್ಸೆಲ್ ಆಫೀಸಿನ ಸುದ್ದಿ ಹೇಳಿ, ಶುಕ್ರವಾರದ ಯೋಜನೆ ಹೇಳಿ, ಕೊನೆಗೆ ಅಂದಳು:

‘ನಿಮ್ಮಿಂದ ಒಂದು ಸಹಾಯ ಆಗ್ಬೇಕಿತ್ತು.’

‘ಏನಂದೆ? ಇನ್ನೊಂದ್ಸಲ ಹೇಳು, ಈ ಕಿವಿ ಸ್ವಲ್ಪ ಮಂದ.’

ಮೂರನೇ ಮನೆಯಲ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಕೇಳಿಸಿಕೊಳ್ಳುವ ಕಿವಿ ಅದು. ಅವಳು ಇನ್ನೊಂದು ಸಲ ಹೇಳಿದಳು. ಅತ್ತೆ ಮಗನ ಕಡೆ ತಿರುಗಿ, ‘ನೀನು ಕೇಳಿಸಿಕೊಂಡ್ಯಾ?’ ಎಂದು ಸಾಕ್ಷಿ ಹಾಕಿಸಿಕೊಂಡರು. ಆಮೇಲೆ ಕಿಟಕಿ ಪಕ್ಕದ ಕುರ್ಚಿಯ ಮೇಲಿರುವ ಸೊಸೆಯ ಹೂವಿನ ಕುಂಡ ಇನ್ನು ಮೇಲೆ ನೆಲದ ಮೇಲಿರುತ್ತದೆ, ಕುರ್ಚಿಯ ಮೇಲೆ ತಾವಿರುತ್ತೇವೆ ಎಂದು ತೀರ್ಮಾನ ಮಾಡಿಸಿಕೊಂಡು ಒಪ್ಪಿದರು.

ಶುಕ್ರವಾರ ಅತ್ತೆ ಕೋಟು ತೊಟ್ಟು ಒಂದನೇ ಬೋಗಿಗೆ ಹತ್ತಿದರು. ಸೊಸೆ ಅತ್ತೆಯ ಬೂದು ಸ್ವೆಟರ್ ಹಾಕಿಕೊಂಡು, ತರಕಾರಿ ಚೀಲ ತೊಡೆಯ ಮೇಲಿಟ್ಟುಕೊಂಡು ಎಂಟನೇ ಬೋಗಿಯ ಮೂಲೆಯಲ್ಲಿ ಕೂತಳು. ಗುರುತು ಸಿಗುತ್ತದೆಂಬ ಭಯವಿತ್ತು, ಆದರೆ ಅದು ವ್ಯರ್ಥ ಭಯ. ಕೋಟು ಕಂಡು ಓಡಿದವರು ಮುಖ ನೋಡಲು ಯಾವತ್ತೂ ನಿಂತಿರಲಿಲ್ಲ.

ಎರಡನೇ ಸ್ಟೇಷನ್ ದಾಟುವಾಗ ಅಲ್ಲಲ್ಲಿ ಜೇಬುಗಳಲ್ಲಿ ಫೋನುಗಳು ಗುಂಯ್‌ಗುಟ್ಟಿದವು. ಮುಂದಿನ ಬೋಗಿಗಳಿಂದ ಜನ ಬರತೊಡಗಿದರು. ಓಡಲಿಲ್ಲ, ಅನುಭವಸ್ಥರು ಓಡುವುದಿಲ್ಲ. ಕಾಲು ಜೋಮು ಹಿಡಿದವರಂತೆ, ಗಾಳಿ ಹುಡುಕುವವರಂತೆ, ಯಾರನ್ನೋ ಕಳೆದುಕೊಂಡವರಂತೆ ಬಂದು ಎಂಟನೇ ಬೋಗಿಯಲ್ಲಿ ಒತ್ತೊತ್ತಾಗಿ ನಿಂತರು. ಅವಳ ಪಕ್ಕಕ್ಕೆ ಟೈ ಕಟ್ಟಿದ ವಿಮಾ ಏಜೆಂಟೊಬ್ಬ ಬಂದು ಕುಸಿದ. ಮುಂದಾಲೋಚನೆ ಇರಲಿ ಎಂದು ಊರಿಗೆಲ್ಲ ಬೋಧಿಸುವ ಮನುಷ್ಯ.

‘ಅಕ್ಕಾ, ನಿಮ್ಮ ಹತ್ರ ಟಿಕೆಟ್ ಇದ್ಯಾ?’ ಎಂದು ಮೆಲ್ಲಗೆ ಕೇಳಿದ.

ಜೀವನದಲ್ಲಿ ಮೊದಲ ಸಲ ಆ ಪ್ರಶ್ನೆಯನ್ನು ಅವಳು ಬೇರೆಯವರ ಬಾಯಿಂದ ಕೇಳಿದ್ದು. ‘ಯಾಕೆ?’ ಅಂದಳು.

‘ಇಲ್ದಿದ್ರೆ ಇಲ್ಲೇ ಇರಿ, ಮುಂದೆ ಹೋಗ್ಬೇಡಿ. ಅತ್ತೆ ಬಂದಿದ್ದಾಳೆ.’ ಫೋನು ತೋರಿಸಿದ. ‘ಅತ್ತೆ ಬಂದ್ರು, ಒಂದನೇ ಬೋಗಿ’ ಎಂದಿತ್ತು.

‘ಅತ್ತೆ ಅಂತ ಯಾಕೆ ಕರೀತೀರಿ?’

‘ಹೇಳದೇ ಕೇಳದೇ ಬರ್ತಾಳೆ. ಬಂದ್ರೆ ಎಲ್ಲರೂ ನೆಟ್ಟಗೆ ಕೂತ್ಕೋಬೇಕು. ಏನು ತೋರಿಸಿದ್ರೂ ಹಿಂದೆ ಮುಂದೆ ತಿರುಗಿಸಿ ನೋಡ್ತಾಳೆ. ಎಲ್ಲ ಸರಿ ಇದ್ರೂ ಮುಖದಲ್ಲಿ ತೃಪ್ತಿ ಇಲ್ಲ. ಇನ್ನೇನು ಅಂತ ಕರೀಬೇಕು ಹೇಳಿ?’

‘ಸರಿಯಾದ ಹೆಸರೇ,’ ಎಂದು ಅವಳು ಒಪ್ಪಿಕೊಂಡಳು. ‘ಪಾಪ, ಅವಳ ಮನೆಯವರ ಗತಿ ಏನೋ.’

‘ಗಂಡ ಬಾಯೇ ಬಿಡಲ್ವಂತೆ.’

‘ಅದೂ ನಿಜ.’

ಕೊನೆಯ ನಿಲ್ದಾಣಕ್ಕೆ ಇನ್ನು ಇಪ್ಪತ್ತೈದು ನಿಮಿಷ, ನಡುವೆ ರೈಲು ಎಲ್ಲೂ ನಿಲ್ಲುವುದಿಲ್ಲ. ಅವಳು ಚೀಲದಿಂದ ಒಂದು ಕಟ್ಟು ಸೊಪ್ಪು ತೆಗೆದು ಏಜೆಂಟನ ಕೈಗೆ ಕೊಟ್ಟಳು. ಅವನು ಮರ್ಯಾದೆಯಿಂದ ಹಿಡಿದುಕೊಂಡ. ಎರಡು ಮೂಲಂಗಿ ಕೊಟ್ಟಳು, ಅದನ್ನೂ ಹಿಡಿದುಕೊಂಡ. ಆಮೇಲೆ ರಸೀದಿ ಪುಸ್ತಕ ಹೊರಬಂತು.

‘ನಿಮ್ಮಿಂದಲೇ ಶುರು ಮಾಡೋಣ್ವಾ ತಮ್ಮಾ? ಕೈಯಲ್ಲಿ ತರಕಾರಿ ಇದೆ, ಓಡೋಕಂತೂ ಆಗಲ್ಲ.’

ಅವನು ಸೊಪ್ಪನ್ನು ನೋಡಿದ, ಪುಸ್ತಕ ನೋಡಿದ, ಸ್ವೆಟರ್ ನೋಡಿದ. ‘ಇದು ಮೋಸ ಅಕ್ಕಾ,’ ಅಂದ, ನಿಜವಾದ ನೋವಿನಿಂದ.

ಹತ್ತೊಂಬತ್ತು ರಸೀದಿ ಬರೆದಳು. ರೈಲು ನಿಂತಾಗ ಪೂರ್ಣವಿರಾಮ ಪ್ಲಾಟ್‌ಫಾರ್ಮಿನಲ್ಲೇ ಕಾದಿದ್ದರು. ಪುಸ್ತಕದ ಹಾಳೆಗಳನ್ನು ಒಂದೊಂದಾಗಿ ಮಗುಚಿ, ಹುಬ್ಬು ಏರಿಸುವ ಹಂತಕ್ಕೆ ಬಂದಿದ್ದರು. ಅಷ್ಟರಲ್ಲಿ ಒಂದನೇ ಬೋಗಿಯಿಂದ ಅತ್ತೆ ಇಳಿದು, ಇಡೀ ರೈಲು ತಮ್ಮದೇ ಎಂಬಂತೆ ನಿಧಾನವಾಗಿ ನಡೆದು ಬಂದರು.

‘ಆ ಕೋಟಿನವರು ಯಾರು?’ ಎಂದ ಏಜೆಂಟ್, ಇನ್ನೂ ಮೂಲಂಗಿ ಹಿಡಿದುಕೊಂಡೇ. ‘ಅವರ ಟಿಕೆಟ್ ಯಾರಾದ್ರೂ ನೋಡಿದ್ರಾ? ಎಲ್ಲರಿಗೂ ಒಂದೇ ನ್ಯಾಯ ಅಲ್ವಾ?’

ಹತ್ತೊಂಬತ್ತು ಜನ ಹತ್ತಿರ ಸರಿದರು. ಪೂರ್ಣವಿರಾಮ ಪುಸ್ತಕವನ್ನು ಅವಳ ಕೈಗೆ ವಾಪಸ್ಸು ಕೊಟ್ಟು, ನೋಡಿ ಎಂಬಂತೆ ಗದ್ದದಿಂದ ಸನ್ನೆ ಮಾಡಿದರು.

‘ಟಿಕೆಟ್ ತೋರಿಸಿ ಅತ್ತೆ,’ ಅಂದಳು ಧೈರ್ಯವಾಗಿಯೇ. ಅತ್ತೆ ದಿನವೂ ಟಿಕೆಟ್ ತೆಗೆದುಕೊಳ್ಳುವವರು, ಅದರಲ್ಲಿ ಅನುಮಾನವಿಲ್ಲ.

‘ಯಾವ ಟಿಕೆಟ್? ಬೇರೆ ದಿನ ತಗೋತೀನಿ. ಇವತ್ತು ಡ್ಯೂಟಿ ಮೇಲೆ ಬಂದಿದ್ದೀನಿ. ಡ್ಯೂಟಿ ಮೇಲೆ ಹೋಗುವಾಗ ನೀನು ತಗೋತೀಯಾ?’

ಯಾವ ಬೋಗಿ, ಯಾವ ಬಾಗಿಲು, ಎಷ್ಟು ಹೊತ್ತಿಗೆ ಎದ್ದು ನಿಲ್ಲಬೇಕು, ಎಲ್ಲ ಎರಡೆರಡು ಸಲ ಹೇಳಿಕೊಟ್ಟಿದ್ದಳು. ಟಿಕೆಟ್ ತೆಗೆದುಕೊಳ್ಳಿ ಎಂದು ಮಾತ್ರ ಹೇಳಿರಲಿಲ್ಲ. ಬಿಟ್ಟರೆ ಪಾರ್ಸೆಲ್ ಆಫೀಸು ಎದುರಿಗೇ ನಿಂತಿದೆ; ಬರೆದರೆ ಮನೆಯಲ್ಲಿ ಒಲೆಯ ಪಕ್ಕ ಅತ್ತೆಯ ಸಿಟ್ಟಿನ ಇನ್ನೊಂದು ಒಲೆ. ಅವಳು ಪೆನ್ನು ತೆರೆದಳು.

‘ವಯಸ್ಸು?’

ಅತ್ತೆ ಸುತ್ತ ನೆರೆದವರನ್ನು ಒಮ್ಮೆ ನೋಡಿದರು. ‘ಅರವತ್ತೊಂದು.’

ಅರವತ್ತೆಂಟು. ಭುಜದ ಡಾಕ್ಟರ ಹತ್ತಿರ ಫಾರ್ಮ್ ತುಂಬಿದ್ದೇ ಅವಳು. ಒಂದು ದಿನಕ್ಕೆ ಒಂದು ತಪ್ಪು ಸಾಕು ಎಂದುಕೊಂಡು ಅರವತ್ತೊಂದು ಎಂದೇ ಬರೆದು, ಹಾಳೆ ಹರಿದು ಕೊಟ್ಟಳು. ಅತ್ತೆ ಅದನ್ನು ದೂರ ಹಿಡಿದು ಪೂರ್ತಿ ಓದಿ, ಮಡಿಚಿ, ಪೂರ್ಣವಿರಾಮರ ಕಡೆ ತಿರುಗಿದರು.

‘ಸಾಹೇಬ್ರೇ, ಇವಳನ್ನ ಯಾವುದೋ ಜಂಕ್ಷನ್ನಿಗೆ ಕಳಿಸ್ತೀರಂತೆ. ಕಳಿಸ್ಬೇಡಿ. ಗಂಡನ ತಾಯಿ ಅಂತಲೂ ನೋಡದೆ ಬರೆದಿದ್ದಾಳೆ. ಆ ಊರಿನ ಜನ ನಿಮಗೇನು ಕೆಡುಕು ಮಾಡಿದ್ದಾರೆ?’

ಇದು ಶಿಫಾರಸೋ ದೂರೋ ಎಂದು ಅವರಿಗೂ ಗೊತ್ತಾಗಲಿಲ್ಲ, ಸೊಸೆಗೂ ಗೊತ್ತಾಗಲಿಲ್ಲ. ಆದರೂ ಅವರು ಒಳಜೇಬಿನಿಂದ ವರ್ಗಾವಣೆಯ ಕಾಗದ ತೆಗೆದು, ಎರಡು ಸಲ ಹರಿದು, ಕಸದ ಡಬ್ಬಿ ಕಾಣದೆ ಏಜೆಂಟನ ಕೈಯಲ್ಲಿದ್ದ ಸೊಪ್ಪಿನ ಮೇಲೆ ಇಟ್ಟರು.

‘ನನಗೆ ವ್ಯಾಯಾಮಕ್ಕೆ ಹೊತ್ತಾಯ್ತು,’ ಎಂದು ಅತ್ತೆ ಹೊರಟರು. ಹತ್ತು ಹೆಜ್ಜೆ ಹೋಗಿ ನಿಂತರು. ‘ಲೇ, ಈ ರಸೀದಿಯಲ್ಲೇ ವಾಪಸ್ ಬರಬಹುದಾ, ಇಲ್ಲ ಅದಕ್ಕೆ ಬೇರೆ ತಗೋಬೇಕಾ?’

‘ಬೇರೆ ತಗೋಬೇಕು ಅತ್ತೆ.’

‘ಕೇಳಿದ್ರಲ್ಲ,’ ಎಂದು ಸಾಹೇಬರಿಗೆ ಹೇಳಿ, ಅತ್ತೆ ಟಿಕೆಟ್ ಕೌಂಟರಿನ ಸಾಲಿಗೆ ಹೋಗಿ ನಿಂತರು. ಕರೀ ಕೋಟು ಕಂಡು ಸಾಲಿನಲ್ಲಿದ್ದವರೆಲ್ಲ ಪಕ್ಕಕ್ಕೆ ಸರಿದು ಜಾಗ ಬಿಟ್ಟರು.