ಮೊದಲ ಸಾಲು

ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಡುವ ಎರಡು ಕಿಲೋದ ಕಬ್ಬಿಣದ ತೂಕದ ಕಲ್ಲೊಂದಿದೆ. ಅದರ ಒಂದು ಮೂಲೆ ಕಪ್ಪಾಗಿದೆ. ತುಕ್ಕು ಎಂದುಕೊಂಡವರು ಎಂದುಕೊಳ್ಳಲಿ, ನಾನು ತಿದ್ದುವುದಿಲ್ಲ.

ಪುರಸಭೆಯ ಸರ್ವರ್ ನೋಡಿಕೊಳ್ಳಲು ನಾವಿಬ್ಬರೇ ಇದ್ದೆವು, ನಾನು ಮತ್ತು ನಿಂಗರಾಜ. ಹಳೆಯ ಕಾಯಿಪಲ್ಲೆ ಪೇಟೆಯನ್ನು ಕೆಡವಿ ಮೂರು ತಿಂಗಳಾಗಿತ್ತು, ವ್ಯಾಪಾರಿಗಳು ಬೀದಿಯಲ್ಲಿ ಕೂತು ಮಾರುತ್ತಿದ್ದರು. ಹೊಸ ಪೇಟೆಯಲ್ಲಿ ಯಾರಿಗೆ ಮಾರಾಟದ ಕಟ್ಟೆ ಸಿಕ್ಕಿದೆ ಎಂಬ ಪಟ್ಟಿ ಅಂದು ಬೆಳಿಗ್ಗೆ ಹತ್ತಕ್ಕೆ ನಮ್ಮ ವೆಬ್‌ಸೈಟಿನಲ್ಲಿ ತೆರೆಯಬೇಕಿತ್ತು. ಹಿಂದಿನ ದಿನವೇ ನಿಂಗರಾಜ ಸರ್ವರಿನ ತಂತ್ರಾಂಶವನ್ನು ಅಪ್‌ಗ್ರೇಡ್ ಮಾಡಿದ್ದ. ಯಾವ ಪಟ್ಟಿ ತೋರಿಸಬೇಕೆಂದು ಸರ್ವರಿಗೆ ಹೇಳುವ ಕಾನ್ಫಿಗರೇಶನ್ ಫೈಲು ಮಾತ್ರ ನಾನು ಬರೆದದ್ದು.

"ಹೊಸಾದಕ್ಕ ನಿನ್ನ ಫೈಲು ಹೊಂದತೈತೋ ಇಲ್ಲೋ, ಒಮ್ಮೆ ನೋಡು" ಎಂದಿದ್ದ.

"ನೋಡೀನಿ, ಸರಿ ಐತಿ" ಎಂದಿದ್ದೆ. ನೋಡಿರಲಿಲ್ಲ.

ಹತ್ತಕ್ಕೆ ತೆರೆದದ್ದು ಹೊಸ ಪಟ್ಟಿಯಲ್ಲ, ಎಂದೋ ರದ್ದಾದ ಹಳೆಯ ಕರಡು. ಬೀದಿಯಲ್ಲಿ ಕೂತಿದ್ದ ಒಬ್ಬರ ಹೆಸರೂ ಅದರಲ್ಲಿರಲಿಲ್ಲ. ಹತ್ತೂವರೆಗೆ ಅವರು ತಕ್ಕಡಿ, ಕಲ್ಲುಗಳ ಸಮೇತ ಕಚೇರಿಗೆ ನುಗ್ಗಿದರು. ಕಿಟಕಿಗಳು ಒಡೆದವು. ತಡೆಯಹೋದ ಜವಾನನ ತಲೆಯ ಮೇಲೆ ಸ್ಟೂಲು ಬಿತ್ತು. ಆತ ಗೋಡೆಗೊರಗಿ ಕೂತವನು ಗಲಾಟೆ ಮುಗಿಯುವವರೆಗೂ ಏಳಲಿಲ್ಲ. ಎಲ್ಲರ ಮುಂದೆ ಬದನೆಕಾಯಿ ಮಾರುವ ದ್ಯಾಮವ್ವ ಇದ್ದಳು.

"ಮೂರು ತಿಂಗಳಾತು ಬಿಸಲಾಗ ಕುಂತು. ನಮ್ಮ ಹೆಸರು ಯಾವನ ಹೊಟ್ಯಾಗ ಹ್ವಾದವು ಹೇಳ್ರಿ."

ನಿಂಗರಾಜ ಸರ್ವರ್ ಕೋಣೆಯ ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು, ಗುಂಪಿನತ್ತ ಮುಖಮಾಡಿ ನಿಂತ. "ನೀ ಹುಡುಕು. ನಾ ತಡೀತೀನಿ."

ನಾನು ದೋಷಗಳ ದಾಖಲೆ ತೆರೆದೆ. ಮೊದಲ ಸಾಲು ಅರ್ಥವಾಗಲಿಲ್ಲವೆಂದು ಹೊಸ ಸರ್ವರ್ ನನ್ನ ಫೈಲನ್ನೇ ಬದಿಗೆ ಸರಿಸಿತ್ತು, ಕೈಗೆ ಸಿಕ್ಕ ಇನ್ನೊಂದು ಪುಟವನ್ನು ತೋರಿಸುತ್ತಿತ್ತು. "ಮೊದಲನೇ ಸಾಲಿನ್ಯಾಗ ತಪ್ಪೈತಿ" ಎಂದು ಅವನಿಗೆ ಕೂಗಿದೆ. ಬೆನ್ನ ಹಿಂದೆ ಗಾಜು ಪುಡಿಯಾಯಿತು. ಫೈಲು ತೆರೆದೆ. ಮೊದಲ ಸಾಲಿನಲ್ಲಿ ಒಂದೇ ಅಕ್ಷರ: ಶ್ರೀ.

ಅದು ನನ್ನದೇ ಕೈ. ಏನು ಬರೆದರೂ ಮೊದಲು ಶ್ರೀ ಬರೆಯಬೇಕೆಂದು ಅಪ್ಪ ಕಿವಿ ಹಿಂಡಿ ಕಲಿಸಿದ್ದ. ಹಳೆಯ ಸರ್ವರ್ ತನಗೆ ತಿಳಿಯದ ಸಾಲನ್ನು ಸುಮ್ಮನೆ ದಾಟಿ ಹೋಗುತ್ತಿತ್ತು. ಹೊಸದಕ್ಕೆ ಅಷ್ಟು ಔದಾರ್ಯವಿರಲಿಲ್ಲ.

ಆ ಹೊತ್ತಿಗೇ ದ್ಯಾಮವ್ವ ಕೈಯಲ್ಲಿದ್ದ ಎರಡು ಕಿಲೋದ ಕಲ್ಲು ಬೀಸಿದಳು. ಅದು ನನಗೆಂದು ಬಂದದ್ದು. ನಡುವೆ ನಿಂಗರಾಜನಿದ್ದ. ಅವನ ಎಡಗಣ್ಣಿಗೆ ಬಡಿದ ಸದ್ದು ತೆಂಗಿನಕಾಯಿ ಒಡೆದಂತಿತ್ತು. ಬಿದ್ದವನ ಪಕ್ಕೆಗೆ ನಾಲ್ಕಾರು ಕಾಲುಗಳು ಒದೆಯುತ್ತಿದ್ದಾಗ ನಾನು ಆ ಅಕ್ಷರ ಅಳಿಸಿ ಸರ್ವರನ್ನು ಮತ್ತೆ ಚಾಲೂ ಮಾಡಿದೆ. ಪಟ್ಟಿ ಬಂತು. ಪರದೆಯನ್ನು ಅವರತ್ತ ತಿರುಗಿಸಿದೆ. ಯಾರೋ ಗಟ್ಟಿಯಾಗಿ ಓದತೊಡಗಿದರು. ಮೂರನೆಯ ಹೆಸರು ದ್ಯಾಮವ್ವನದು.

ಒದೆತ ನಿಂತಿತು. ದ್ಯಾಮವ್ವ ನೆಲಕ್ಕೆ ಕುಸಿದು, ನಿಂಗರಾಜನ ತಲೆಯನ್ನು ತೊಡೆಯ ಮೇಲೆಳೆದುಕೊಂಡು ಸೆರಗಿನಿಂದ ಕಣ್ಣು ಒತ್ತಿಹಿಡಿದಳು. "ಯಪ್ಪಾ, ಇದೇನ್ ಮಾಡಿದ್ನೋ ನಾ" ಎನ್ನುತ್ತಲೇ ಇದ್ದಳು. ಸೆರಗು ತೊಯ್ದುಹೋಯಿತು.

ವಿಚಾರಣೆಗೆ ನಾನು ವರದಿ ಬರೆದೆ: "ಅಪ್‌ಗ್ರೇಡಿನಲ್ಲಿ ಆದ ಲೋಪ." ಹೆಸರು ಬರೆಯಲಿಲ್ಲ. ಅಪ್‌ಗ್ರೇಡ್ ಯಾರು ಮಾಡಿದ್ದೆಂದು ಎಲ್ಲರಿಗೂ ಗೊತ್ತಿತ್ತು. ಅವನನ್ನು ಕೆಲಸದಿಂದ ತೆಗೆದರು. ನಾನು ಮಾಡಿದ್ದು ಹೇಡಿಯ ಕೆಲಸ, ಬೇರೆ ಹೆಸರಿಲ್ಲ.

ಆಸ್ಪತ್ರೆಗೆ ಹೋದಾಗ ಅವನು ಗೋಡೆ ನೋಡುತ್ತ ಕೇಳಿದ: "ಮೊದಲನೇ ಸಾಲಿನ್ಯಾಗ ಏನಿತ್ತು?"

"ಏನೂ ಇರಲಿಲ್ಲ."

ಅವನು ನನ್ನ ಕಡೆ ತಿರುಗಿದ. "ಅಪ್‌ಗ್ರೇಡ್ ಮಾಡೂ ಮುಂಚೆ ಎಲ್ಲಾ ಫೈಲಿಂದೂ ಒಂದೊಂದು ಪ್ರತಿ ತಗದಿಟ್ಟೀನಿ. ಇನ್ನೊಂದು ಕಣ್ಣು ಐತಿ, ನೋಡಬಹುದು. ನೋಡೂದಿಲ್ಲ ಬಿಡು."

ಅವನು ನೋಡಲಿಲ್ಲ. ಯಾರಿಗೂ ತೋರಿಸಲೂ ಇಲ್ಲ.

ಇದನ್ನು ಬರೆಯಲು ಹಾಳೆ ತೆಗೆದಾಗ ಕೈ ತಾನಾಗಿ ಮೇಲ್ಗಡೆ ಶ್ರೀ ಎಂದು ಬರೆಯಿತು. ಈ ಸಲ ಅಳಿಸಲಿಲ್ಲ. ಕಿಟಕಿಯಿಂದ ಗಾಳಿ ಬರುತ್ತಿತ್ತು. ಕಲ್ಲನ್ನೆತ್ತಿ ಆ ಅಕ್ಷರದ ಮೇಲಿಟ್ಟೆ.